ಒಂದು ತುಲುಕಿ ಕಡಿಮೆ

ಫೆರಿ ದಡ ಬಿಟ್ಟ ಮೇಲೂ ತ್ರೈಲೋಕ್ಯ ಮೇಧಿಯವರಿಗೆ ಇಳಿದುಬಿಡಬೇಕು ಅನ್ನಿಸುತ್ತಲೇ ಇತ್ತು. ಫಾಗುಣದ ಗಾಳಿ ಲುಯಿತ ನದಿಯ ಮರಳನ್ನು ಎತ್ತಿ ತಂದು ಮುಖಕ್ಕೆ ಎರಚುತ್ತಿತ್ತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರೆ ಮತ್ತೆ ಅದೇ ಮಬ್ಬು. ಎದುರಿನ ಬೆಂಚಿನಲ್ಲಿ ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದವನು ಇವರನ್ನೇ ನೋಡುತ್ತಿದ್ದ. ಪತ್ರಿಕೆಯಲ್ಲಿ ಫೋಟೋ ನೋಡಿರಬೇಕು ಎಂದು ಮನಸ್ಸು ತಾನಾಗಿಯೇ ಅಂದುಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಅವನು, "ಅಜ್ಜಾ, ಆ ಚೀಲ ಈಚೆ ಎಳ್ಕೊಳ್ಳಿ, ಕೋಳಿ ಕುಕ್ತದೆ" ಎಂದ. ಮೇಧಿ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಒಳಗೆ ಪ್ರೂಫು ಇತ್ತು. ಮೂವತ್ತೇಳು ವರ್ಷದ ಹಿಂದೆ ಬರೆದ ಪುಸ್ತಕದ ಐದನೇ ಮುದ್ರಣ. ಅರ್ಥಶಾಸ್ತ್ರದವರು ಅವರನ್ನು ಸಾಹಿತ್ಯದವರೆಂದು ನಗುತ್ತಾ ಆಚೆ ತಳ್ಳುತ್ತಿದ್ದರು, ಸಾಹಿತ್ಯದವರು ಅರ್ಥಶಾಸ್ತ್ರದವರೆಂದು ಗೌರವದಿಂದ ದೂರವಿಡುತ್ತಿದ್ದರು. ಈ ಒಂದು ಪುಸ್ತಕ ಮಾತ್ರ ಎರಡೂ ಕಡೆಯವರು ತಮ್ಮದೆನ್ನುವಂಥದ್ದು. ನೇಕಾರ ಹೆಂಗಸರ ಹಾಡುಗಳಿಂದ ಅವರ ಬದುಕಿನ ಅರ್ಥವ್ಯವಸ್ಥೆಯನ್ನು ಹೊರಗೆ ತೆಗೆದದ್ದು. ಅದರ ನಡುಗಂಬ ಒಂದು ಶಬ್ದ.

ಬೆಳಿಗ್ಗೆ ಪ್ರೂಫು ಬಂದಾಗ ಮೊದಲು ತೆರೆದದ್ದು ಆ ಪುಟವನ್ನೇ. ತಾನೇ ಬರೆದುಕೊಂಡ ಎರಡು ಸಾಲು, ದಪ್ಪ ಅಕ್ಷರದಲ್ಲಿ: ತೊಳೆದ ನೂಲು ಬುಟ್ಟಿಯಲ್ಲಿ, ಎಣಿಸಿದರೆ ಹನ್ನೆರಡು ಲಡಿ, ಹೋದದ್ದೆಲ್ಲ ಬಂತು ಮನೆಗೆ, ಒಂದು ತುಲುಕಿ ಕಡಿಮೆ. ಕೆಳಗೆ ಹನ್ನೆರಡು ಪುಟದ ವಿವರಣೆ. ತುಲುಕಿ ಎಂಬುದು ತುಲಾ ಎಂಬುದರಿಂದ ಬಂದದ್ದು, ನೂಲಿನ ಹಳೆಯ ತೂಕ, ವರ್ತಕನು ತಕ್ಕಡಿಯಲ್ಲಿ ನೇಕಾರಳಿಗೆ ಮಾಡುತ್ತಿದ್ದ ಮೋಸವನ್ನು ಅವಳು ಹಾಡಿನಲ್ಲಿ ಬಚ್ಚಿಟ್ಟಳು. ಇಪ್ಪತ್ತಾರನೇ ವಯಸ್ಸಿನಲ್ಲಿ ಕೈಗೆ ಸಿಕ್ಕಿದ ಆ ಶಬ್ದವನ್ನು ಅವರು ಎರಡು ವರ್ಷ ಕೂತು ವ್ಯಾಖ್ಯಾನಿಸಿದ್ದರು. ಕೆಂಪು ಪೆನ್ನು ಹಿಡಿದು ಕೂತವರಿಗೆ ಒಂದು ಗೀಟು ಎಳೆಯಲಾಗಲಿಲ್ಲ. ಹೆಂಡತಿ ಪ್ರೀತಿಲತಾ ಚಹಾ ತಂದಿಟ್ಟು, ಆರಿದ ಮೊದಲ ಲೋಟ ಎತ್ತಿಕೊಂಡಳು.

"ಒಂದು ಗಂಟೆಯಿಂದ ಅದೇ ಪುಟ ಹಿಡ್ಕೊಂಡು ಕೂತಿದ್ದೀರಿ."

"ತಪ್ಪೊಂದಿದೆ."

"ತಪ್ಪಿದ್ರೆ ತಿದ್ದಿ. ಜೀವಮಾನವೆಲ್ಲ ಬೇರೆಯವರದ್ದು ತಿದ್ದಲಿಲ್ವಾ? ನಿಮ್ಮದು ಬಂದಾಗ ಮಾತ್ರ ಪೆನ್ನು ಓಡಲ್ಲ ನೋಡಿ."

ಅವಳಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೋ ಏನೋ. ಮೂರು ತಿಂಗಳಿಂದ ಇವರು ಸರಿಯಾಗಿ ಉಂಡಿರಲಿಲ್ಲ. ಆಘೋಣ ಮಾಸದಲ್ಲಿ, ಎಂ.ಎ. ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರಾಗಿ ಹೋಗಿದ್ದರು. ಮಧ್ಯಾಹ್ನದ ಕೊನೆಯ ಹುಡುಗಿ, ತೆಳ್ಳಗೆ, ಬಿಳಿ ಮೇಖೇಲಾ ಲಂಗ, ಬೆರಳ ತುದಿಯಲ್ಲಿ ನೂಲು ಕೊಯ್ದ ಗೀರುಗಳು. ಯಾವ ಊರಮ್ಮಾ ಎಂದರೆ ನಾಹರ್‌ಘಾಟ್ ಎಂದಳು. ಇವರ ಮನಸ್ಸು ಅರಳಿತ್ತು. ಪಕ್ಕದಲ್ಲಿ ಕೂತಿದ್ದ ವಿಭಾಗದ ಮುಖ್ಯಸ್ಥ, "ಹಾಗಾದರೆ ಸಾರ್ ಪುಸ್ತಕ ನಿಮ್ಮೂರಿನದ್ದೇ!" ಎಂದಿದ್ದ. ಇವರು ತುಟಿಯಂಚಿನಲ್ಲಿ ನಗು ಇಟ್ಟುಕೊಂಡು, ಉತ್ತರ ಗೊತ್ತಿರುವ ಪ್ರಶ್ನೆ ಕೇಳುವವರ ಉದಾರತೆಯಿಂದ, "ತುಲುಕಿ ಅಂದರೇನು, ಹೇಳು ನೋಡೋಣ" ಎಂದಿದ್ದರು.

"ನಮ್ಮ ಅಪ್ಪನ ಅಕ್ಕ, ಸಾರ್."

ಮುಖ್ಯಸ್ಥನಿಗೆ ನಗು ತಡೆಯಲಾಗಲಿಲ್ಲ. ಇವರೂ ನಕ್ಕರು. ಹುಡುಗಿ ನಗಲಿಲ್ಲ. "ತುಲಸಿ ಅಂತ ಹೆಸರು. ಅವಳಿಗೆ ನಾಲಿಗೆ ತಿರುಗ್ತಿರಲಿಲ್ಲ, ತುಲುಕಿ ಅಂತಿದ್ದಳಂತೆ. ನೂಲು ತೊಳೆಯೋಕೆ ಅಜ್ಜಿ ಜೊತೆ ಹೋದಾಗ ದಡ ಕುಸೀತು. ಆರು ವರ್ಷ ಅವಳಿಗೆ. ಹಾಡು ಕಟ್ಟಿದ್ದು ಆ ಅಜ್ಜಿ, ನಮ್ಮ ಆಯ್ತಾನೇ, ಸಾರ್." "ಮೌಖಿಕ ಪರಂಪರೆಯಲ್ಲಿ ಇಂಥ ಮನೆಕತೆಗಳು ಆಮೇಲೆ ಹುಟ್ಟಿಕೊಳ್ಳುತ್ತವೆ" ಎಂದು ಯಾರೋ ಗಂಭೀರವಾಗಿ ಹೇಳಿದರು. ಹೇಳಿದ್ದು ತಾನೇ ಎಂದು ಮೇಧಿಯವರಿಗೆ ಆಮೇಲೆ ಹೊಳೆಯಿತು. ಅವಳು ಹೊರಗೆ ಹೋದ ಮೇಲೆ ಅಂಕದ ಹಾಳೆಯಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು ಬರೆದರು. ಉದ್ಧಟತನ ಎಂದು ಮನಸ್ಸಿನಲ್ಲಿ ಅಂದುಕೊಂಡರು. ಬರೆದ ಪೆನ್ನಿಗೆ ಸಮಾಧಾನ ಹೇಳುವವರ ಹಾಗೆ ಅದನ್ನು ಎರಡು ಸಲ ಒರೆಸಿ ಜೇಬಿಗೆ ಸಿಕ್ಕಿಸಿದರು.

ಮನೆಗೆ ಬಂದು ಟ್ರಂಕಿನಿಂದ ಹಳೆಯ ಟಿಪ್ಪಣಿ ಪುಸ್ತಕ ತೆಗೆದಿದ್ದರು. ಹುಡುಗಿಯ ಮಾತು ಸುಳ್ಳೆಂದು ಖಚಿತ ಮಾಡಿಕೊಳ್ಳಬೇಕಿತ್ತು, ಅಷ್ಟೆ. ಹುಳು ತಿಂದ ಹಾಳೆಗಳಲ್ಲಿ ತನ್ನದೇ ಯೌವನದ ದುಂಡು ಅಕ್ಷರ. 'ಹಾಡುವಾಗ ಉಳಿದ ಹೆಂಗಸರು ಮಗ್ಗ ನಿಲ್ಲಿಸುತ್ತಾರೆ. ಕಾರಣ ಕೇಳಿದರೆ ಹೇಳುವುದಿಲ್ಲ. ವೃತ್ತಿರಹಸ್ಯ?' ಅದರ ಕೆಳಗೆ: 'ಹಾಡುಗಾರ್ತಿಯ ಕಣ್ಣಲ್ಲಿ ನೀರು. ಶೋಷಣೆಯ ನೆನಪು.' ಮತ್ತೆ ಕೊನೆಯ ಪುಟದಲ್ಲಿ, ಆ ಮನೆಯ ಸರಕಿನ ಪಟ್ಟಿ, ಗೆರೆ ಎಳೆದು ಅಂದವಾಗಿ ಮಾಡಿದ್ದು: 'ಮಾರಾಟವಾಗದೆ ಉಳಿದದ್ದು: ಮೂಗಾ ರೇಷ್ಮೆಯ ಮೇಖೇಲಾ, ಒಂದು. ಉದ್ದ ಒಂದೂವರೆ ಮೊಳ. ಬಳಕೆಗೆ ಅಯೋಗ್ಯ ಅಳತೆ.' ಅದನ್ನು ತಾನು ಬಿದಿರ ಗಳುವಿನಿಂದ ಇಳಿಸಿ, ಕೈಯಿಂದ ಅಳೆದದ್ದು ನೆನಪಾಯಿತು. ಬಂಗಾರದ ಬಣ್ಣದ, ಯಾರೂ ತೊಡದ, ಅಂಗೈಯಲ್ಲಿ ಮುದುಡುವಂಥ ಬಟ್ಟೆ. ಹಾಡು ಹೇಳಿದ್ದ ಪದುಮಿ ಮಗ್ಗದಿಂದೆದ್ದು ಬಂದು ಏನೂ ಹೇಳದೆ ಅವರ ಕೈಯಿಂದ ತೆಗೆದುಕೊಂಡಿದ್ದಳು. ಮಡಿಸಿ ಮತ್ತೆ ಗಳುವಿನ ಮೇಲೆ ಹಾಕಿದ್ದಳು. ಮೊಮ್ಮಗಳು ಹೇಳುವ ಮೊದಲೇ ಮಗುವಿನ ಅಳತೆಯ ಆ ಬಟ್ಟೆ ಹೇಳಿತ್ತು. ಇವರು ಅದರ ಉದ್ದ ಬರೆದುಕೊಂಡಿದ್ದರು.

ನಾಹರ್‌ಘಾಟಿನಲ್ಲಿ ಇಳಿದವರಿಗೆ ಊರಿನ ಗುರುತು ಹತ್ತಲಿಲ್ಲ. ಹಳೆಯ ದೋಣಿಘಟ್ಟವನ್ನು ನದಿ ಎಂದೋ ನುಂಗಿತ್ತು. ಹೊಸದು ಅರ್ಧ ಮೈಲಿ ಈಚೆ. ಶಿಮಲು ಮರಗಳು ಮಾತ್ರ ಎಲೆ ಇಲ್ಲದೆ ಕೆಂಪಗೆ ಹೂ ಬಿಟ್ಟು ನಿಂತಿದ್ದವು. ಪುಸ್ತಕ ಬಂದ ಮೇಲೆ ಇವರ ವರದಿ ಹಿಡಿದು ಇಲ್ಲಿ ಹೆಂಗಸರದೇ ಸಹಕಾರ ಸಂಘವಾಗಿತ್ತು. ಉದ್ಘಾಟನೆಗೆ ಕರೆದಿದ್ದರು. ಯೋಜನಾ ಮಂಡಳಿಯ ಸಭೆಯಿದೆಯೆಂದು ಶುಭಸಂದೇಶ ಕಳಿಸಿ ಸುಮ್ಮನಾಗಿದ್ದರು. ಮೂವತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನದಿ ದಾಟಿರಲಿಲ್ಲ. ಈಗ ತಗಡಿನ ಮಾಡಿನ ಉದ್ದನೆಯ ಮಗ್ಗದ ಚಾವಡಿಯ ಮುಂದೆ ನಿಂತಾಗ, ಒಳಗಿಂದ ಲಾಳಿಗಳ ಸದ್ದಿನ ನಡುವೆ ಒಂದು ಹುಡುಗಿಯ ದನಿ ಕೇಳಿತು.

"ಏ ರಾಧಿಕಾ, ಎರಡು ತುಲುಕಿ ಕೊಡೇ!"

"ಬೆಳಿಗ್ಗೆ ಒಂದು ತಗೊಂಡೆಯಲ್ಲೇ, ಅದನ್ನ ಗಂಡನ ಮನೆಗೆ ಕಳಿಸಿದ್ಯಾ?"

"ಗಂಡ ಸಿಕ್ಕಲಿ ಮೊದಲು. ಕೊಡೇ, ಅರ್ಧ ತುಲುಕಿ ಹಾಳಾಯ್ತು, ಬರೀ ಗಂಟು."

ನಗು. ಮೇಧಿಯವರಿಗೆ ಮೊದಲು ಆದದ್ದು ಸಂತೋಷ. ಆ ಕ್ಷಣವನ್ನು ಅವರು ಆಮೇಲೆ ಎಷ್ಟು ಸಲ ನೆನೆದರೂ ಅದು ಸಂತೋಷವೇ ಆಗಿತ್ತು. ತಾನು ಮುದ್ರಿಸಿದ ಶಬ್ದ ಜನರ ಬಾಯಲ್ಲಿ ಓಡಾಡುತ್ತಿದೆ, ಯಾವ ವಿದ್ವಾಂಸನಿಗೆ ಈ ಭಾಗ್ಯ! ಆಮೇಲೆ ಅದು ಯಾರ ಹೆಸರೆಂಬುದು ನೆನಪಾಯಿತು. ಬಾಗಿಲ ಪಕ್ಕದ ಚಾಪೆಯ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತು ನೂಲಿನ ಗಂಟು ಬಿಡಿಸುತ್ತಿದ್ದ ಮುದುಕಿ, ಹುಡುಗಿಯ ದನಿ ಕೇಳಿದಾಗ ಕತ್ತೆತ್ತಿ ಬಾಗಿಲ ಕಡೆ ತಿರುಗಿದ್ದಳು. ತಿರುಗಿದವಳಿಗೆ ಕಂಡದ್ದು ಇವರು.

"ಮಾಸ್ಟರ್," ಎಂದಳು ಪದುಮಿ. "ಕೂದಲೆಲ್ಲ ಹೋಯ್ತಲ್ಲ ನಿಮ್ಮದು."

ಅವಳ ಮನೆ ಚಾವಡಿಗೆ ಅಂಟಿಕೊಂಡೇ ಇತ್ತು. ಜಗುಲಿಯಲ್ಲಿ ಮಣೆ ಹಾಕಿ ಕೂರಿಸಿ, ಕಂಚಿನ ಬಟ್ಟಲಲ್ಲಿ ತಾಂಬೂಲ ತಂದಿಟ್ಟಳು, ಬೆಲ್ಲ ಕಚ್ಚಿಕೊಂಡು ಕುಡಿಯುವ ಕೆಂಪು ಚಹಾ, ಎಳ್ಳಿನ ಪಿಠಾ. ಹೆಂಡತಿ ಹೇಗಿದ್ದಾರೆ, ಮಕ್ಕಳೆಷ್ಟು ಎಂದು ಕೇಳಿದಳು. ಬಾಯಲ್ಲಿ ನಾಲ್ಕು ಹಲ್ಲು ಉಳಿದಿದ್ದವು. ಅವಳು ಆಗ ಹೇಗಿದ್ದಳೆಂದು ನೆನೆಯಲು ಹೋದರೆ ಮುಖ ಬರಲಿಲ್ಲ, ಮಗ್ಗದ ಮೇಲಿನ ಕೈ ಬಂತು. ಅವತ್ತು ಹಾಡು ಬರೆದುಕೊಳ್ಳುತ್ತ ಇವರು 'ತುಲುಕಿ ಅಂದರೆ?' ಎಂದು ಕೇಳಿದಾಗ ಆ ಕೈ ನಿಂತಿತ್ತು. ಅವಳ ಅತ್ತೆ ಒಳಗಿಂದ, 'ಹಂಗೇ ಬರ್ಕೊಳ್ಳಿ, ಅದನ್ನ ಕೇಳಬೇಡಿ' ಎಂದಿದ್ದಳು. ಪದುಮಿ ಕೇಳಿದ್ದು ಒಂದೇ: 'ಬರೆದರೆ ಉಳಿಯುತ್ತಾ?' ಅಚ್ಚಾದರೆ ನೂರು ವರ್ಷ ಉಳಿಯುತ್ತದೆ ಎಂದು ಇವರು ಹುಮ್ಮಸ್ಸಿನಿಂದ ಹೇಳಿದ್ದರು. ಆಮೇಲೆ ಅವಳು ಇವರ ಬರವಣಿಗೆಯ ವೇಗಕ್ಕೆ ತಕ್ಕಂತೆ, ಒಂದೊಂದೇ ಶಬ್ದವಾಗಿ, ಮತ್ತೆ ಪೂರ್ತಿ ಹಾಡಿದ್ದಳು.

"ಬಾಯ್ದೇವು," ಎಂದರು ಮೇಧಿ, ಅಕ್ಕಾ ಎನ್ನುವ ಹಾಗೆ. ಫೆರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಬದಿಗಿಟ್ಟರು. "ನಾನು ತಪ್ಪು ಬರೆದೆ. ನನಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಿತ್ತು."

ಪದುಮಿ ಅಡಿಕೆ ಕತ್ತರಿಸುತ್ತಿದ್ದಳು. "ಗೊತ್ತಾಗಿ ಬಹಳ ವರ್ಷ ಆಯ್ತು ನನಗೆ. ಮಗ ಎಂಟನೇ ಕ್ಲಾಸಲ್ಲಿ ಇದ್ದಾಗ ಪಾಠ ಬಂತು, ನಿಮ್ಮ ಪುಸ್ತಕದ್ದು. ಜೋರಾಗಿ ಓದಿದ. ತುಲುಕಿ ಅಂದ್ರೆ ತೂಕ ಅಂತ. ಅವನಿಗೇನು ಗೊತ್ತು, ಅವಳು ಹೋದಾಗ ಮೊಲೆ ಹಾಲು ಕುಡೀತಿದ್ದ."

"ನೀವು ಹೇಳಲಿಲ್ಲವೇ?"

"ಅಚ್ಚಾಗಿತ್ತಲ್ಲ ಮಾಸ್ಟರ್. ನನಗೇ ಅನುಮಾನ ಬಂತು. ಓದಿದವರು, ಆ ಮಾತಿಗೆ ಹಳೇ ಅರ್ಥ ಇರಬಹುದು, ಮಗು ಬಾಯಲ್ಲಿ ಹಂಗೇ ಬಂದಿರಬಹುದು ಅಂತ." ಅವಳು ಅಡಿಕೆಯ ಹೋಳುಗಳನ್ನು ಎಲೆಯ ಮೇಲೆ ಸಾಲಾಗಿಟ್ಟಳು. "ಆಮೇಲೆ ಸಂಘ ಮಾಡಿದ್ರು. ಪಟ್ಟಣದಿಂದ ಬಂದವರು ಲಡಿಗೆಲ್ಲ ಒಂದೇ ತೂಕ ಇರಬೇಕು, ಅದಕ್ಕೆ ತುಲುಕಿ ಅಂತ ಹಿರೀಕರ ಹೆಸರೇ ಇಡೋಣ ಅಂದ್ರು. ಆವತ್ತಿಂದ ಎಲ್ಲರ ಬಾಯಲ್ಲೂ ಅದೇ. ಎರಡು ವರ್ಷ ನಾನು ಚಾವಡಿಗೆ ಕಾಲಿಡಲಿಲ್ಲ. 'ತುಲುಕಿ ಕೊಡೇ' ಅಂದ್ರೆ ಬಾಗಿಲ ಕಡೆ ನೋಡಿಬಿಡ್ತಿದ್ದೆ. 'ತುಲುಕಿ ಹಾಳಾಯ್ತು' ಅಂದ್ರೆ ಕಿವಿ ಮುಚ್ಕೊಳ್ತಿದ್ದೆ. ಆಮೇಲೆ ನಾನೇ ಹೋಗಿ ಬಾಗಿಲ ಹತ್ರ ಕೂರೋಕೆ ಶುರು ಮಾಡಿದೆ. ಎಲ್ಲಿ ಕರೀತಾರೆ ಹೇಳಿ, ಸತ್ತ ಮಗೂನ? ಮೊಮ್ಮಗಳಿಗೆ ಒಂದ್ಸಲ ಹೇಳಿದ್ದು ಬಿಟ್ರೆ ನಮ್ಮ ಮನೇಲೇ ಯಾರೂ ಹೆಸರೆತ್ತಲ್ಲ. ಇಲ್ಲಿ ದಿನಕ್ಕೆ ನೂರು ಸಲ ಕರೀತಾರೆ. ಚಾವಡಿಗೆ ರಜಾ ಇದ್ದ ದಿನ ನನಗೆ ಹೊತ್ತೇ ಹೋಗಲ್ಲ."

ಮೇಧಿ ಚೀಲದಿಂದ ಪ್ರೂಫು ತೆಗೆದು ಮಡಿಲಲ್ಲಿಟ್ಟುಕೊಂಡರು. ತಿದ್ದುತ್ತೇನೆ, ಹೊಸ ಮುದ್ರಣದಲ್ಲಿ ಎಲ್ಲ ಇರುತ್ತದೆ, ಅವಳ ಹೆಸರು, ನಿಮ್ಮ ಹೆಸರು ಎಂದರು. ತನ್ನ ದನಿ ತನಗೇ ಸಭೆಯ ದನಿಯಂತೆ ಕೇಳಿತು.

"ಬೇಡ," ಎಂದಳು ಪದುಮಿ. "ನದಿಗೆ ಹೋದ ಮಗು ಹೆಸರು ಅಂತ ಗೊತ್ತಾದ್ರೆ ಈ ಹುಡುಗೀರು ಬಾಯಿಗೆ ಹಚ್ಚಲ್ಲ. ಇವತ್ತೋ ನಾಳೆಯೋ ಮದುವೆ ಆಗೋರು, ಅಪಶಕುನ ಅಂತಾರೆ. ಬಿಟ್ಟುಬಿಡಿ. ನೀವು ತಪ್ಪು ಬರೆದಿದ್ದೇ ಇರಲಿ."

ಮೇಧಿ ಪ್ರೂಫನ್ನು ಚೀಲಕ್ಕೆ ಮರಳಿಸಿದರು. ಇಷ್ಟೇನೇ? ಇಷ್ಟು ಸುಲಭವೇ? ಕ್ಷಮೆಯೂ ಸಿಕ್ಕಿತು, ಪುಸ್ತಕವೂ ಉಳಿಯಿತು. ಮುಂದಿನ ಫೆರಿಗೆ ಹೊರಟರೆ ಕತ್ತಲಾಗುವ ಮೊದಲು ಮನೆ ಸೇರಬಹುದು. ಈ ಯೋಚನೆ ಬಂದು ಹೋಗುವಷ್ಟರಲ್ಲಿ ಪದುಮಿ ವೀಳ್ಯದೆಲೆ ಮಡಿಸಿ ಇವರ ಮುಂದೆ ಇಟ್ಟು, ಅದೇ ದನಿಯಲ್ಲಿ ಕೇಳಿದಳು:

"ಸತ್ತವಳಿಗೆ ನೀವೇನೂ ಮಾಡಿಲ್ಲ ಮಾಸ್ಟರ್. ಇದ್ದವಳಿಗೆ ಯಾಕೆ ಹೀಗೆ ಮಾಡಿದ್ರಿ?"

ಫಲಿತಾಂಶ ಬಂದು ಹದಿನೈದು ದಿನವಾಗಿತ್ತು. ಇವರಿಗೆ ಗೊತ್ತಿತ್ತು, ಪಟ್ಟಿ ನೋಡಿದ್ದರು, ಬೆರಳಿಟ್ಟು ಹೆಸರು ಹುಡುಕಿದ್ದರು. ಪದುಮಿಯ ಮೊಮ್ಮಗಳು ನಿರ್ಮಾಲಿ ಬೈಶ್ಯ, ಎರಡನೇ ದರ್ಜೆ. ಬರವಣಿಗೆಯಲ್ಲಿ ಎಲ್ಲರಿಗಿಂತ ಮುಂದಿದ್ದವಳು ಮೂರು ಅಂಕದಲ್ಲಿ ಮೊದಲ ದರ್ಜೆ ಕಳೆದುಕೊಂಡಿದ್ದಳು. ಅದರೊಂದಿಗೆ ಸಂಶೋಧನೆಯ ಜಾಗವೂ ಹೋಯಿತು. ಹದಿನೈದು ದಿನ ದಿನವೂ ವಿಶ್ವವಿದ್ಯಾಲಯಕ್ಕೊಂದು ಕಾಗದ ಬರೆಯಬೇಕೆಂದುಕೊಂಡು, ದಿನವೂ ಬೇರೆ ಕೆಲಸ ಹಚ್ಚಿಕೊಂಡಿದ್ದರು. ಈ ಮನೆಗೆ ಬರುವಾಗಲೂ ಅವಳು ಊರಲ್ಲಿ ಇಲ್ಲದಿರಲಿ ಎಂದುಕೊಂಡೇ ಬಂದಿದ್ದರು. ಸತ್ತ ಮಗುವಿನ ಮುಂದೆ ತಲೆ ತಗ್ಗಿಸುವುದರಲ್ಲಿ ಒಂದು ಬಗೆಯ ಘನತೆ ಇತ್ತು. ಇಪ್ಪತ್ತೆರಡು ವರ್ಷದ ಹುಡುಗಿಯ ಮುಂದೆ ಹಾಗಲ್ಲ.

"ಎಲ್ಲಿದ್ದಾಳೆ?"

"ಎಲ್ಲಿರ್ತಾಳೆ? ಮಗ್ಗದಲ್ಲಿ."

ಚಾವಡಿಯೊಳಗೆ ಇಪ್ಪತ್ತು ಮಗ್ಗವಾದರೂ ಇದ್ದಿರಬೇಕು. ಹೊರಗಿನ ಬೆಳಕಿನಿಂದ ಬಂದವರಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ನಿರ್ಮಾಲಿ ಮೂರನೇ ಮಗ್ಗದಲ್ಲಿದ್ದಳು. ಇವರನ್ನು ನೋಡಿ ಎದ್ದು ನಿಂತಳು, ವಿದ್ಯಾರ್ಥಿಗಳು ನಿಲ್ಲುವ ಹಾಗೆ. ಆಮೇಲೆ ಏನೋ ನೆನಪಾದಂತೆ ಮತ್ತೆ ಕೂತಳು. ಪದುಮಿ ಬಂದು ಬಾಗಿಲ ಬಳಿ ತನ್ನ ಚಾಪೆಯಲ್ಲಿ ಕೂತಿದ್ದಳು.

"ನಾನು ಬರೆಯುತ್ತೇನೆ," ಎಂದರು ಮೇಧಿ. "ವಿಶ್ವವಿದ್ಯಾಲಯಕ್ಕೆ. ಅಂಕ ಮರುಪರಿಶೀಲನೆ ಮಾಡಲಿ ಎಂದು."

"ಏನಂತ ಬರೀತೀರಿ ಸಾರ್?"

ಪಕ್ಕದ ಮಗ್ಗಗಳು ಒಂದೊಂದಾಗಿ ನಿಂತವು.

"ಇಲ್ಲೇ ಬರೀರಿ," ಎಂದು ನಿರ್ಮಾಲಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ದೊಡ್ಡ ಹಾಳೆ ತಂದು, ನೂಲು ಸುತ್ತುವ ಮೇಜಿನ ಮೇಲಿಟ್ಟಳು. "ಗುವಾಹಾಟಿಗೆ ಹೋದ ಮೇಲೆ ನಿಮಗೆ ಬೇರೆ ಕೆಲಸ ಬರುತ್ತೆ."

ಸ್ಟೂಲು ಗಿಡ್ಡವಾಗಿತ್ತು, ಮೊಣಕಾಲು ಎದೆಗೆ ಬಂತು. ಎಲ್ಲ ಹುಡುಗಿಯರೂ ನೋಡುತ್ತಿದ್ದರು. ಯಾರೋ ಹಿಂದಿನಿಂದ, "ಅಜ್ಜ ಪರೀಕ್ಷೆ ಬರೀತಿದ್ದಾರೆ ಕಣೇ" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಮಾನ್ಯರೇ ಎಂದು ಶುರು ಮಾಡಿ, ಅಭ್ಯಾಸದ ಕೈ ತಾನಾಗಿ ಮುಂದೆ ಓಡಿತು: ಸದರಿ ವಿದ್ಯಾರ್ಥಿನಿಯ ಉತ್ತರದ ಬಗ್ಗೆ ಪರೀಕ್ಷಕರಿಗೂ ಅವಳಿಗೂ ಅಭಿಪ್ರಾಯಭೇದವಿದ್ದ ಕಾರಣ. ನಿರ್ಮಾಲಿ ಹೆಗಲ ಮೇಲಿಂದ ಓದುತ್ತಿದ್ದಳು. ಬೆರಳು ತಂದು ಆ ಶಬ್ದದ ಮೇಲೆ ಇಟ್ಟಳು.

"ಅಭಿಪ್ರಾಯಭೇದ ಅಲ್ಲ ಸಾರ್," ಎಂದಳು. "ಅವಳು ಇದ್ದಳು."

ಮೇಧಿ ಹೊಡೆದುಹಾಕಿದರು. ಆ ಶಬ್ದದ ಮುಂದೆ ಇನ್ನೇನು ಬರೆಯಬೇಕೆಂಬುದು ಈಗ ಸ್ಪಷ್ಟವಾಗಿತ್ತು. ಆದರೆ ಬರೆದರೆ ಅದು ಕಾಗದದಲ್ಲಷ್ಟೇ ಉಳಿಯುವುದಿಲ್ಲ, ಈ ಚಾವಡಿಯಲ್ಲಿ ಇಷ್ಟು ಕಿವಿಗಳಿವೆ. ಅವರು ತಲೆಯೆತ್ತಿ ಬಾಗಿಲ ಕಡೆ ನೋಡಿದರು. ನಿರ್ಮಾಲಿಯೂ ನೋಡಿದಳು. ಅವಳಿಗೆ ಆಗ ಹೊಳೆಯಿತೋ ಏನೋ, ಬೆರಳು ಹಿಂದಕ್ಕೆ ತೆಗೆದುಕೊಂಡು, "ಬೇಡ ಬಿಡಿ ಸಾರ್," ಎಂದು ಅಜ್ಜಿಯ ಕಡೆ ತಿರುಗಿ, "ಆಯ್ತಾ, ಬೇಡ ಬಿಡು" ಎಂದಳು.

ಪದುಮಿ ಕೈಯಲ್ಲಿದ್ದ ನೂಲಿನ ಗಂಟನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದಳು. ಅದನ್ನು ಬಿಡಿಸಿ ಮುಗಿಸಿದಳು.

"ಬರೀಲಿ," ಎಂದಳು. "ಜೋರಾಗಿ ಓದಿ ಹೇಳಲಿ. ಇವರೆಲ್ಲ ಕೇಳಲಿ."

ಅವರು ಬರೆದರು. ತುಲುಕಿ ಎಂಬುದು ತೂಕವಲ್ಲ. ಈ ಊರಿನ ಪದುಮಿ ಬೈಶ್ಯ ಎಂಬವರ ಮಗಳು ತುಲಸಿಯ ಕರೆಯುವ ಹೆಸರು. ಆರನೇ ವಯಸ್ಸಿನಲ್ಲಿ ನದಿಯ ದಡ ಕುಸಿದು ತೀರಿಕೊಂಡಳು. ಹಾಡು ಕಟ್ಟಿದವರು ಅವಳ ತಾಯಿ. ವಿದ್ಯಾರ್ಥಿನಿ ಹೇಳಿದ್ದು ನಿಜ, ಪರೀಕ್ಷಕನಿಗೆ ಅದು ಅಲ್ಲಿಯೇ ತಿಳಿಯಿತು, ತಿಳಿದ ಮೇಲೂ ಅವನು ಅಂಕ ಕಡಿಮೆ ಕೊಟ್ಟ. ಸಹಿ ಮಾಡಿ, ಎದ್ದು ನಿಂತು ಓದಿದರು. ಆಗಲೇ ಗಂಡನ ಮನೆಯ ಮಾತು ತೆಗೆದು ನಕ್ಕಿದ್ದ ರಾಧಿಕಾ ಎಂಬ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಪದುಮಿಯ ಕಡೆ ನೋಡುತ್ತಿದ್ದಳು. ನಿರ್ಮಾಲಿ ಕಾಗದ ತೆಗೆದುಕೊಂಡು, ಮಡಿಸಿ, ರವಿಕೆಯೊಳಗೆ ಇಟ್ಟುಕೊಂಡಳು. "ನಾನೇ ಪೋಸ್ಟ್ ಮಾಡ್ತೀನಿ ಸಾರ್," ಎಂದಳು. ಅವರನ್ನು ನಂಬದೆ ಹೇಳಿದ ಮಾತು ಅದು. ಅವರಿಗೆ ನೋವಾಗಲಿಲ್ಲ, ನೋವಾಗುವ ಜಾಗ ಬೇರೆಲ್ಲೋ ಇತ್ತು.

ಫೆರಿಗೆ ಇನ್ನೂ ಹೊತ್ತಿತ್ತು. ಪದುಮಿಯ ಪಕ್ಕದಲ್ಲಿ, ಚಾಪೆಯ ಅಂಚಿನಲ್ಲಿ, ಮೇಧಿ ಕೂತರು. ಅವಳು ಸರಿದು ಜಾಗ ಕೊಟ್ಟಳು, ಅಷ್ಟೆ. ಕ್ಷಮಿಸಿ ಎನ್ನಲು ಬಾಯಿ ತೆರೆದರೆ ಆ ಮಾತು ಕೂಡ ಅವಳಿಂದ ಏನನ್ನೋ ಕೇಳಿದ ಹಾಗಾಗುತ್ತದೆ ಅನ್ನಿಸಿ ಸುಮ್ಮನಾದರು. ಮಗ್ಗಗಳು ಹಿಂಜರಿಯುತ್ತ ಒಂದೊಂದಾಗಿ ಶುರುವಾದವು. ಲಾಳಿಗಳ ಸದ್ದು ಮೊದಲಿನ ಲಯಕ್ಕೆ ಬಂತು. ಮೂಲೆಯಲ್ಲೊಬ್ಬಳ ನೂಲು ಮುಗಿಯಿತು. ಅವಳು ಕತ್ತೆತ್ತಿ, ಬಾಯಿ ತೆರೆದು, ನಿಂತಳು. ಪದುಮಿಯ ಕೈಯಲ್ಲಿ ನೂಲು ನಿಂತಿತು. ಚಾವಡಿಯಲ್ಲಿ ಆ ಒಂದು ಕ್ಷಣ ಎಲ್ಲರೂ ಆ ಹುಡುಗಿಯ ಬಾಯಿಗೆ ಕಾದರು.

"ರಾಧಿಕಾ," ಎಂದಳು ಹುಡುಗಿ, ತಗ್ಗಿದ ದನಿಯಲ್ಲಿ. "ಎರಡು ಲಡಿ ಕೊಡೇ."

ಪದುಮಿ ಬಾಗಿಲ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತು ಕೈಯಲ್ಲಿದ್ದ ನೂಲನ್ನು ನೋಡಿದಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದಿನ ಗಂಟಿಗೆ ಕೈ ಹಾಕಿದಳು.

"ಹೊರಡಿ ಮಾಸ್ಟರ್," ಎಂದಳು. "ಫೆರಿ ತಪ್ಪಿದ್ರೆ ಮನೇಲಿ ಕಾಯ್ತಾ ಕೂರ್ತಾರೆ."